ಬ್ರಹ್ಮದಂಡಿಯನ್ನು ಅರಸುತ್ತ ಮರಡಿಯ ಮೇಲೆ

ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಊರೊಳಗೆ ಜನರನ್ನು ಕಾಣುವುದು ದುರ್ಲಭ. ಹೊತ್ತೇರುವ ಮೊದಲೇ ಬುತ್ತಿಯ ಬುಟ್ಟಿಗಳು ಹೊಲದ ದಾರಿ ಹಿಡಿದಿರುತ್ತವೆ. ಸಜ್ಜೆಯ ರೊಟ್ಟಿ, ಸಜ್ಜೆಯ ಕಡಬು, ಹತ್ತಾರು ಕಾಯಿಪಲ್ಯಗಳನ್ನು ಕೂಡಿಸಿ ಮಾಡಿದ ಭಜ್ಜಿ, ಶೇಂಗಾ ಹೋಳಿಗೆ ಇವನ್ನೆಲ್ಲ ಭೂತಾಯಿಗೆ ನೈವೇದ್ಯ ಮಾಡಿ, ಹೊಲದ ನಾಲ್ಕೂ ಕಡೆಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಬನ್ನಿಯ ಮರದ ನೆರಳಿನಲ್ಲಿ ಕುಳಿತು ಉಣ್ಣುವುದು ಈ ನೆಲದ ಹಳೆಯ ಪದ್ಧತಿ. ಇದೇ ಹಬ್ಬವನ್ನು ಲಾತೂರು, ಧಾರಾಶಿವ ಭಾಗದ ಮರಾಠಿ ಬಂಧುಗಳು ‘ವೇಳ ಅಮಾವಾಸ್ಯಾ’ ಎಂದು ಆಚರಿಸುತ್ತಾರೆ. ಆ ಹೆಸರು ನಮ್ಮ ‘ಎಳ್ಳಮಾವಾಸ್ಯೆ’ಯಿಂದಲೇ ಬಂದುದೆಂದು ಹೇಳುವವರಿದ್ದಾರೆ. ಗಡಿನಾಡಿನಲ್ಲಿ ಹೀಗೆ ಹೆಸರು ಬೇರೆಯಾದರೂ ವಸ್ತು ಒಂದೇ ಆಗಿರುವುದು ಸಾಮಾನ್ಯ. ಆದರೆ ಹೆಸರು ಒಂದೇ ಆಗಿದ್ದು ವಸ್ತುವೇ ಬೇರೆ ಬೇರೆಯಾಗಿರುವುದೂ ಉಂಟು. ಅಂತಹ ಒಂದು ಹೆಸರಿನ ಸಲುವಾಗಿ ನಾನು ಒಮ್ಮೆ ಮಾಡಿದ ತಪ್ಪನ್ನೂ, ಅದನ್ನು ತಿದ್ದಿದ ಒಂದು ಗುಡ್ಡವನ್ನೂ ಕುರಿತು ವಾಚಕ ಬಂಧುಗಳಿಗೆ ನಿವೇದಿಸಬೇಕೆಂದು ಈ ಬರಹ.

ಕಳೆದ ಎಳ್ಳಮಾವಾಸ್ಯೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಹೊಲಕ್ಕೆ ಊಟಕ್ಕೆ ಕರೆದಿದ್ದನು. ಈಗ ಅವನು ನಾಲ್ವತ್ತು ದಾಟಿದ ಒಕ್ಕಲಿಗ. ಅವನ ಮಕ್ಕಳಿಬ್ಬರೂ ನಮ್ಮ ಕನ್ನಡ ಶಾಲೆಯಲ್ಲಿಯೇ ಓದುತ್ತಾರೆ. ಊಟವಾದ ಮೇಲೆ ಅವನೇ, “ಗುರುಗಳೇ, ಮಕ್ಕಳಿಗೆ ಮರಡಿ ತೋರಿಸೂಣು ನಡೀರಿ. ನಮ್ಮ ಆಯಿ ನಿಮಗ ತೋರಿಸಿದ ಜಾಗಾನ ತೋರಿಸೂಣು” ಎಂದನು. ಆ ಮಾತು ಕೇಳಿ ನನ್ನ ಮನಸ್ಸು ಸುಮಾರು ಮೂವತ್ತು ವರ್ಷ ಹಿಂದಕ್ಕೆ ಹೋಯಿತು.

ಆಗ ನಾನು ಶಿಕ್ಷಕರ ತರಬೇತಿಯನ್ನು ಮುಗಿಸಿ ಬಂದ ಹೊಸ ಮಾಸ್ತರ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಕೆಳಗೆ ಹೆಸರು ಬರೆದು, ತರಗತಿಯಲ್ಲಿ ತೂಗುಹಾಕುವ ಉತ್ಸಾಹ ಬಹಳವಿತ್ತು. ದಾರಿಯ ಮಗ್ಗುಲಲ್ಲಿ ಹೇರಳವಾಗಿ ಬೆಳೆಯುವ, ಹಳದಿ ಹೂವಿನ ಒಂದು ಮುಳ್ಳುಗಿಡವನ್ನು ತಂದು ಹಾಳೆಗೆ ಅಂಟಿಸಿದೆ. ನನ್ನ ಪೆಟ್ಟಿಗೆಯಲ್ಲಿದ್ದ ಒಂದು ಚಿಕ್ಕ ಪುಸ್ತಕದಲ್ಲಿ ಅದಕ್ಕೆ ‘ಬ್ರಹ್ಮದಂಡಿ’ ಎಂಬ ಹೆಸರಿತ್ತು. ಅದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದು, ಮಕ್ಕಳಿಂದ ಗಟ್ಟಿಯಾಗಿ ಓದಿಸಿಯೂ ಬಿಟ್ಟೆ.

ಅದರ ಪರಿಣಾಮವನ್ನು ನಾನು ಊಹಿಸಿರಲಿಲ್ಲ. ಮೇಲೆ ಹೇಳಿದ ವಿದ್ಯಾರ್ಥಿಯ ಮನೆಯಲ್ಲಿ ಅವನ ಅಜ್ಜನಿಗೆ ಬ್ರಹ್ಮದಂಡಿಯ ಕಷಾಯ ಕೊಡುವ ರೂಢಿಯಿತ್ತು. ಹುಡುಗನು ಅಜ್ಜನಿಗೆ ನೆರವಾಗಬೇಕೆಂದು, ಶಾಲೆ ಬಿಟ್ಟ ಮೇಲೆ ದಾರಿಯ ಆ ಹಳದಿ ಹೂವಿನ ಗಿಡಗಳನ್ನು ಬೇರುಸಹಿತ ಕಿತ್ತು, ಕಾಯಿಯೊಳಗಿನ ಬೀಜಗಳನ್ನೂ ಉದುರಿಸಿ ಮನೆಗೆ ಒಯ್ದನು. ಅವನ ಅಜ್ಜಿ ಗಂಟನ್ನು ನೋಡುವುದಕ್ಕಿಂತ ಮುಂಚೆ ಅವನ ಅಂಗೈಗಳನ್ನು ನೋಡಿದರಂತೆ. ಅಂಗೈಗಳೆರಡೂ ಅರಿಸಿನ ಹಚ್ಚಿದಂತೆ ಹಳದಿಯಾಗಿದ್ದವು.

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆ ಆಯಿ ಗಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಯ ಬಾಗಿಲಿಗೆ ಬಂದರು.

“ಮಾಸ್ತರ್ರ, ಇದು ಬ್ರಹ್ಮದಂಡಿ ಅಂತ ಹುಡುಗಗ ಕಲಿಸಿದವರು ನೀವ ಏನ್ರಿ?”

ನಾನು ಪುಸ್ತಕವನ್ನು ತೆಗೆದು ತೋರಿಸಿದೆ. ಅವರು ಪುಸ್ತಕದತ್ತ ನೋಡಲೂ ಇಲ್ಲ.

“ಇದು ಪಿವಳಾ ಧೋತ್ರಾ ರೀ. ಹಳದಿ ದತ್ತೂರಿ. ಇದನ್ನ ಕುದಿಸಿ ಕುಡಿಸಿದ್ರ ಮುದುಕ ಉಳೀತಿದ್ದನೇನ್ರಿ? ಹೆಸರ ಕೇಳಿ ಗಿಡ ಕೀಳಬಾರದ್ರಿ ಮಾಸ್ತರ್ರ, ಗಿಡ ನೋಡಿ ಹೆಸರ ಹೇಳಬೇಕು.”

ಮಕ್ಕಳೆದುರಿಗೆ ನನಗೆ ತಲೆ ಎತ್ತಲಾಗಲಿಲ್ಲ. ಆದರೆ ಆ ತಾಯಿ ಬೈದು ಹೋಗುವವರಾಗಿರಲಿಲ್ಲ. ಮುಂದಿನ ರವಿವಾರ ನನ್ನನ್ನು ಕರೆದುಕೊಂಡು ಎರೆಯ ಹೊಲಗಳನ್ನು ದಾಟಿ, ಹಳ್ಳ ಇಳಿದು, ಮರಡಿಯ ನೆತ್ತಿಯವರೆಗೆ ನಡೆಸಿ, ಒಂದೊಂದು ಮುಳ್ಳುಗಿಡವನ್ನೂ ಅದರದರ ನೆಲೆಯಲ್ಲಿಯೇ ತೋರಿಸಿದರು. ಅಂದು ಅವರು ಹಿಡಿದ ಹಾದಿಯಲ್ಲಿಯೇ ಕಳೆದ ಎಳ್ಳಮಾವಾಸ್ಯೆಯಂದು ನಾವು ಮಕ್ಕಳೊಡನೆ ನಡೆದೆವು. ಅವರು ತೋರಿಸಿದುದಕ್ಕೆ, ನಾನು ಆಮೇಲೆ ಓದಿ ತಿಳಿದುಕೊಂಡುದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎರೆಯ ಹೊಲದಲ್ಲಿ

ನಮ್ಮೂರಿನಿಂದ ಮರಡಿಗೆ ಹೋಗುವ ದಾರಿ ಮೊದಲು ಎರೆಯ ಹೊಲಗಳ ನಡುವೆ ಹಾಯುತ್ತದೆ. ಪುಷ್ಯದ ಚಳಿಯಲ್ಲಿ ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ. ಕಡಲೆ ಹೂಬಿಟ್ಟಿರುತ್ತದೆ. ಜೋಳದ ನಡುವೆ ಅಕ್ಕಡಿ ಸಾಲುಗಳಲ್ಲಿಯೂ, ಹೊಲದ ಅಂಚಿಗೂ ಕುಸುಬೆ ನಿಂತಿರುತ್ತದೆ. ಇಂಗ್ಲಿಷರು ‘ಥಿಸಲ್’ ಎಂದು ಕರೆಯುವ ಮುಳ್ಳುಗಿಡಗಳ ದೊಡ್ಡ ಬಳಗಕ್ಕೆ ನಮ್ಮ ಈ ಕುಸುಬೆಯೂ ಸೇರಿದುದೆಂದು ಹೇಳಿದಾಗ ಮಕ್ಕಳು ಬೆರಗಾದರು. ಆ ಬಳಗದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಜಾತಿಗಳಿವೆ. ಸ್ಕಾಟ್ಲೆಂಡ್ ದೇಶದ ಲಾಂಛನವೇ ಥಿಸಲ್ ಹೂವು. ನಮ್ಮ ಬಯಲುನಾಡಿನಲ್ಲಿ ಆ ಬಳಗದ ಗಿಡಗಳು ಕೆಲವೇ. ನೀಲಗಿರಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳಾದರೋ ಎತ್ತರದ ಹುಲ್ಲುಗಾವಲುಗಳಲ್ಲಿ ಸಿರ್ಸಿಯಂ ಎಂಬ, ಯುರೋಪಿನ ಚಿತ್ರಗಳಲ್ಲಿ ಕಾಣುವಂತಹ ಥಿಸಲನ್ನೇ ಕಾಣಬಲ್ಲರು.

ಈ ಬಳಗದ ಲಕ್ಷಣವನ್ನು ಕುಸುಬೆಯಿಂದ ಕಲಿಯುವುದೇ ಸುಲಭ. ಕುಸುಬೆಯ ‘ಹೂವು’ ಎಂದು ನಾವು ಕರೆಯುವುದು ವಾಸ್ತವವಾಗಿ ಒಂದು ಹೂವಲ್ಲ. ಸೂರ್ಯಕಾಂತಿ, ಸೇವಂತಿಗೆಗಳಲ್ಲಿರುವಂತೆ ಅದು ನೂರಾರು ಕಿರುಹೂಗಳ ಒಂದು ಸಂಸಾರ. ಆದರೆ ಸೂರ್ಯಕಾಂತಿಯಲ್ಲಿ ಅಂಚಿನ ಕಿರುಹೂಗಳು ಅಗಲವಾದ ಹಳದಿ ಎಸಳುಗಳಾಗಿ ಚಾಚಿಕೊಂಡಿರುತ್ತವೆ. ಥಿಸಲ್ ಬಳಗದಲ್ಲಿ ಅಂತಹ ಎಸಳುಗಳಿಲ್ಲ. ಎಲ್ಲವೂ ಸಣ್ಣ ಕೊಳವೆಗಳು, ತುದಿಯಲ್ಲಿ ಐದು ಸೀಳು. ಆದುದರಿಂದ ಹೂವು ಕುಂಚದ ಹಾಗೆ ಕಾಣುತ್ತದೆ. ಈ ಕುಂಚವನ್ನು ಬುಡದಲ್ಲಿ ಬಿಗಿಯಾಗಿ ಅಪ್ಪಿಕೊಂಡಿರುವ ಹಸಿರು ಶಲ್ಕಗಳಿಗೆ ಮುಳ್ಳೋ ಮೀಸೆಯೋ ಇರುತ್ತದೆ. ಕಾಂಡವನ್ನು ಮುರಿದರೆ ಹಾಲು ಬರುವುದಿಲ್ಲ. ರೊಟ್ಟಿಯ ಜೊತೆಗೆ ಹಸಿಯಾಗಿ ತಿನ್ನುವ ನಮ್ಮ ಹಕ್ಕರಿಕೆಯೂ ಸೂರ್ಯಕಾಂತಿಯ ಕುಟುಂಬದ್ದೇ. ಆದರೆ ಅದನ್ನು ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಅದು ಬೇರೆ ಶಾಖೆಗೆ ಸೇರಿದ್ದು.

ಕುಸುಬೆಯ ಎಳೆಯ ಎಲೆಗಳನ್ನು ನಮ್ಮ ಹೆಂಗಳೆಯರು ಪಲ್ಯ ಮಾಡುತ್ತಾರೆ. ಗಿಡ ಬಲಿತು ಎಲೆಯ ಅಂಚಿಗೆ ಮುಳ್ಳು ಬಂದ ಮೇಲೆ ದನವೂ ಅದರ ಹತ್ತಿರ ಸುಳಿಯದು. ಹೊಲದ ಅಂಚಿಗೆ ಕುಸುಬೆ ಬಿತ್ತುವುದರಿಂದ ಎಣ್ಣೆಕಾಳೂ ದೊರೆಯುತ್ತದೆ, ಬೇಲಿಯೂ ಆಗುತ್ತದೆ. ಕೊಯ್ಲಿನ ದಿನಗಳಲ್ಲಿ ಕೈಗೆ ಕಾಲಿಗೆ ಅರಿವೆ ಸುತ್ತಿಕೊಂಡು, ಇಬ್ಬನಿಯಿಂದ ಮುಳ್ಳು ಮೆತ್ತಗಾಗಿರುವ ನಸುಕಿನಲ್ಲಿಯೇ ಕೊಯ್ಯುವ ರೂಢಿ. ಹೂವು ಹಳದಿಯಾಗಿ ಅರಳಿ ಬರಬರುತ್ತ ಕೆಂಪಿಗೆ ತಿರುಗುತ್ತದೆ. ಹಿಂದೆ ಅದರಿಂದ ಅರಿವೆಗೆ ಬಣ್ಣ ಕಟ್ಟುತ್ತಿದ್ದರು. ಪ್ರಾಚೀನ ಈಜಿಪ್ಟಿನ ಗೋರಿಗಳಲ್ಲಿಯೂ ಕುಸುಬೆಯ ಹೂವು ದೊರೆತಿದೆ. ಅದರ ಮೂಲನೆಲೆ ಪಶ್ಚಿಮ ಏಷ್ಯಾ. ಅಲ್ಲಿಂದ ಬಂದು ಸಾವಿರಾರು ವರ್ಷಗಳಿಂದ ನಮ್ಮ ಎರೆಮಣ್ಣಿಗೆ ಒಗ್ಗಿಕೊಂಡಿದೆ. ಅಣ್ಣಿಗೇರಿಯ ಎ-1 ತಳಿಯೂ, ಭೀಮಾ ಎಂಬ ತಳಿಯೂ ನಮ್ಮ ರೈತರಿಗೆ ಪರಿಚಿತವಾದವು. ಫಲಟಣದ ನಿಂಬಕರ ಸಂಸ್ಥೆಯವರು ಮುಳ್ಳಿಲ್ಲದ ಕುಸುಬೆಯನ್ನೂ ಸಿದ್ಧಪಡಿಸಿದ್ದಾರೆ. ಸೋಲಾಪುರದಲ್ಲಿ ಈ ಬೆಳೆಗೆಂದೇ ಸಂಶೋಧನಾ ಕೇಂದ್ರವಿದೆ. ಇಷ್ಟಾದರೂ ನಮ್ಮೂರಿನಲ್ಲಿ ಕುಸುಬೆಯ ಸಾಲುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನೀರು ಬಂದಲ್ಲಿ ಕಬ್ಬು ಬಂದಿದೆ.

ಕುಸುಬೆಯ ಕಾಳನ್ನು ಮಕ್ಕಳ ಅಂಗೈಯಲ್ಲಿ ಹಾಕಿ ಚೆನ್ನಾಗಿ ನೋಡಿಕೊಳ್ಳಿರೆಂದು ಹೇಳಿದೆ. ಬಿಳುಪು, ಹೊಳಪು, ನಾಲ್ಕು ಮೂಲೆ. ಈ ಕಾಳಿನ ರೂಪವು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಅದೇ ಹೊಲದಲ್ಲಿ, ಜೋಳದ ಸಾಲುಗಳ ನಡುವೆ ಸಣಕಲಾಗಿ ನೆಟ್ಟಗೆ ನಿಂತ ಇನ್ನೊಂದು ಗಿಡವನ್ನು ಹುಡುಗಿಯೊಬ್ಬಳು ಕಿತ್ತು ತಂದಳು. ಅದರ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಗೆರೆಗೆರೆಯಾಗಿ ಏಣುಗಳು ಕೈಗೆ ಹತ್ತುತ್ತವೆ. ತುದಿಯಲ್ಲಿ ಕಡ್ಡಿಯಂತಹ ಕಿರಿದಾದ ಮೊಗ್ಗುಗಳ ಗೊಂಚಲು, ಅವುಗಳ ಬಾಯಲ್ಲಿ ಗುಲಾಬಿ ಮಿಶ್ರಿತ ನೇರಳೆ ಬಣ್ಣದ ಕೆಲವು ಕಿರುಹೂಗಳು. ಮುಳ್ಳು ಒಂದೂ ಇಲ್ಲ. ಇದು ಗೋನಿಯೊಕಾಲಾನ್ ಎಂಬುದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ‘ಏಣುಳ್ಳ ಕಾಂಡ’. ಕಳೆಯೆಂದು ನಾವು ಕಿತ್ತೆಸೆಯುವ ಈ ಗಿಡವೂ ಥಿಸಲ್ ಬಳಗದ್ದೇ. ಮುಳ್ಳಿದ್ದುದೆಲ್ಲ ಥಿಸಲ್ ಅಲ್ಲ, ಥಿಸಲ್ ಬಳಗದ್ದಕ್ಕೆಲ್ಲ ಮುಳ್ಳೂ ಇರುವುದಿಲ್ಲವೆಂಬ ಪಾಠ ಇಲ್ಲಿಯೇ ಸಿಕ್ಕಿತು.

ದಾರಿಯ ಮಗ್ಗುಲಲ್ಲಿ

ಹೊಲ ದಾಟಿ ಬಂಡಿಯ ದಾರಿಗೆ ಬಂದೊಡನೆ, ತಿಪ್ಪೆಗಳ ಬಳಿಯಲ್ಲಿ, ಅಗೆದು ಬಿಟ್ಟ ಮಣ್ಣಿನ ಮೇಲೆ, ನನ್ನ ಹಳೆಯ ಅಪರಾಧದ ಸಾಕ್ಷಿಗಳು ಸಾಲಾಗಿ ನಿಂತಿದ್ದವು. ದೂರದಿಂದ ನೋಡಿದವರು ಇದನ್ನು ಥಿಸಲ್ ಅಲ್ಲವೆಂದು ಹೇಳಲಾರರು. ಎಲೆಗಳು ಸೀಳುಸೀಳಾಗಿ, ಅಂಚಿಗೆ ಮುಳ್ಳಾಗಿ, ಬೂದುಹಸಿರು ಬಣ್ಣದ ಮೇಲೆ ನರಗಳುದ್ದಕ್ಕೂ ಬಿಳಿಯ ಪಟ್ಟೆಗಳಾಗಿ ಕಾಣುತ್ತವೆ. ಆದರೆ ಹತ್ತಿರ ಹೋಗಿ ನೋಡಿದರೆ ಮೂರು ಗುರುತುಗಳು ಸ್ಪಷ್ಟ.

ಮೊದಲನೆಯದು ಹಾಲು. ಎಲೆಯನ್ನಾಗಲಿ ಕಾಂಡವನ್ನಾಗಲಿ ಮುರಿದೊಡನೆ ಅರಿಸಿನದ ನೀರಿನಂತಹ ಹಳದಿ ರಸ ಒಸರುತ್ತದೆ. ಆ ಆಯಿ ಮೊಮ್ಮಗನ ಅಂಗೈಯಲ್ಲಿ ಕಂಡುದು ಇದನ್ನೇ. ಎರಡನೆಯದು ಹೂವು. ಇದು ಕಿರುಹೂಗಳ ಕುಂಚವಲ್ಲ. ತೆಳುವಾದ ನಾಲ್ಕರಿಂದ ಆರು ಹಳದಿ ಎಸಳುಗಳ, ನಡುವೆ ಕೇಸರಗಳು ತುಂಬಿದ ಒಂದೇ ಹೂವು. ಮೂರನೆಯದು ಕಾಯಿ. ಮೈತುಂಬ ಮುಳ್ಳಿರುವ ಉದ್ದನೆಯ ಕಾಯಿ ಒಣಗಿದಾಗ ತುದಿಯಲ್ಲಿ ಬಾಯ್ದೆರೆಯುತ್ತದೆ. ಒಳಗೆ ಸಾಸಿವೆಯಂತಹ ಕರಿಯ ದುಂಡು ಬೀಜಗಳು. ಭೂತಗನ್ನಡಿಯಲ್ಲಿ ನೋಡಿದರೆ ಬೀಜದ ಮೇಲೆ ಬಲೆಯಂತಹ ಗೆರೆಗಳು ಕಾಣುತ್ತವೆ.

ಶಾಸ್ತ್ರಜ್ಞರು ಇದನ್ನು ಆರ್ಜಿಮೋನ್ ಮೆಕ್ಸಿಕಾನಾ ಎಂದು ಕರೆಯುತ್ತಾರೆ. ಲಿನೇಯಸ್ ಮಹಾಶಯನು 1753ರಲ್ಲಿ ಇಟ್ಟ ಹೆಸರಿದು. ಇದು ಗಸಗಸೆಯ ಕುಟುಂಬದ ಗಿಡ. ಥಿಸಲ್ ಬಳಗಕ್ಕೂ ಇದಕ್ಕೂ ನಂಟಿಲ್ಲ. ಈ ನೆಲದ್ದೂ ಅಲ್ಲ, ಅಮೆರಿಕ ಖಂಡದಿಂದ ಬಂದುದು. ನಿಜವಾದ ದತ್ತೂರಿಯೂ, ಅಂದರೆ ನಮ್ಮ ಮದಗುಣಿಕೆಯೂ ಇದಲ್ಲ. ಕಾಯಿಗೆ ಮುಳ್ಳಿರುವುದರಿಂದ ಆ ಹೆಸರು ಅಂಟಿಕೊಂಡಿರಬೇಕು.

ಇದರ ಬೀಜದೊಳಗಿನ ಎಣ್ಣೆ ವಿಷ. ಸಾಸಿವೆ ಎಣ್ಣೆಯಲ್ಲಿ ಇದು ಬೆರೆತರೆ ಕಾಲುಗಳು ಬಾತುಕೊಳ್ಳುತ್ತವೆ, ಉಸಿರು ಕಟ್ಟುತ್ತದೆ, ಹೃದಯ ಸೋಲುತ್ತದೆ. ಕಲಕತ್ತೆಯಲ್ಲಿ 1877ರಲ್ಲಿಯೇ ಇಂತಹ ರೋಗ ಕಾಣಿಸಿಕೊಂಡಿತ್ತು. 1998ರಲ್ಲಿ ದಿಲ್ಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯನ್ನು ಉಂಡು ಸಾವಿರಾರು ಜನ ಹಾಸಿಗೆ ಹಿಡಿದರು. 60ಕ್ಕಿಂತ ಹೆಚ್ಚು ಮಂದಿ ಅಸುನೀಗಿದರು. ಆ ಸುದ್ದಿಯನ್ನು ವೃತ್ತಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಹಾಳೆಯ ಕೆಳಗೆ ಬರೆದಿದ್ದ ನಾಲ್ಕಕ್ಷರ ಕಣ್ಣ ಮುಂದೆ ಬಂದು ನಿಂತವು. ಅಜ್ಜಿಯ ಕಣ್ಣಿಗೆ ಮಗುವಿನ ಅಂಗೈ ಬೀಳದೆ ಹೋಗಿದ್ದರೆ ಏನಾಗುತ್ತಿತ್ತು? ಶಿಕ್ಷಕನ ತಪ್ಪು ಹಲಗೆಯ ಮೇಲಿನ ಸುಣ್ಣದಂತೆ ಒರೆಸಿದೊಡನೆ ಹೋಗುವುದಿಲ್ಲ. ಅದು ಮಕ್ಕಳ ಜೊತೆಗೆ ಮನೆಗೆ ಹೋಗುತ್ತದೆ.

ಹಳ್ಳದ ದಂಡೆಯಲ್ಲಿ

ದಾರಿ ಮುಂದೆ ಹಳ್ಳಕ್ಕೆ ಇಳಿಯುತ್ತದೆ. ಈ ಹಳ್ಳ ಬೋರಿ ನದಿಯನ್ನು ಸೇರುತ್ತದೆ. ನಳದುರ್ಗದ ಕೋಟೆಯ ಮಗ್ಗುಲಲ್ಲಿ ಹರಿದು ಬರುವ ಆ ಬೋರಿಯು ಮುಂದೆ ಭೀಮೆಯಲ್ಲಿ ಲೀನವಾಗುತ್ತದೆ. ತೇವವಿರುವ ಈ ದಂಡೆಯಲ್ಲಿ ಮುಳ್ಳುಗಿಡಗಳಿಗೆ ಕೊರತೆಯಿಲ್ಲ. ಆದರೆ ಇಲ್ಲಿಯವು ಯಾವುವೂ ನಾವು ಅರಸುವವಲ್ಲ. ಹೋಗುಹೋಗುತ್ತಲೇ ಅವನ್ನು ಗುರುತಿಸಿ ಬಿಡಬಹುದು.

ಕೆಸರಿನಲ್ಲಿ ಕಾಲೂರಿ ನಿಂತಿರುವುದು ಕೊಳವಳಿಕೆ, ಮರಾಠಿಯ ತಾಲಿಮಖಾನಾ. ಅದರ ಎಲೆಗೆ ಮುಳ್ಳಿಲ್ಲ. ಕಾಂಡದ ಪ್ರತಿಯೊಂದು ಗಿಣ್ಣಿನ ಸುತ್ತ ನೆಟ್ಟನೆಯ ಹಳದಿ ಮುಳ್ಳುಗಳು ಸುತ್ತುಗಟ್ಟಿರುತ್ತವೆ. ನಡುವೆ ಎರಡು ತುಟಿಗಳ ನೀಲಿ-ನೇರಳೆ ಹೂವು. ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಹರಡಿಕೊಂಡಿರುವುದು ನೆಲಗುಳ್ಳ. ಎಲೆಯ ಅಂಚಿಗಲ್ಲದೆ ನಡುನರದ ಮೇಲೂ ಮುಳ್ಳು, ಬದನೆಯ ಹೂವಿನಂತಹ ನೇರಳೆ ಹೂವು, ಹಳದಿ ಗೋಲಿಯಂತಹ ಹಣ್ಣು. ಅದು ಬದನೆಯ ತಂಗಿ. ದನಗಳ ಬಾಲಕ್ಕೂ ನಮ್ಮ ಧೋತರದ ಅಂಚಿಗೂ ಅಂಟಿಕೊಂಡು ಬರುವ ಕೊಕ್ಕೆಮುಳ್ಳಿನ ಕಾಯಿ ಮರುಳುಮತ್ತಿಯದು. ಇದು ಸೂರ್ಯಕಾಂತಿಯ ಕುಟುಂಬದ್ದೇ ಆದರೂ ಥಿಸಲ್ ಅಲ್ಲ. ಇದರ ಮುಳ್ಳೆಲ್ಲ ಕಾಯಿಯ ಮೇಲೆಯೇ ಹೊರತು ಎಲೆಯ ಮೇಲಿಲ್ಲ.

‘ಮುಳ್ಳು ಇದೆಯೇ’ ಎಂದು ಕೇಳುವುದಕ್ಕಿಂತ ‘ಮುಳ್ಳು ಎಲ್ಲಿದೆ’ ಎಂದು ಕೇಳಬೇಕೆಂಬುದನ್ನು ಮಕ್ಕಳು ಈ ದಂಡೆಯಲ್ಲಿ ಕಲಿತರು. ಎಲೆಯ ಅಂಚಿನಲ್ಲೋ, ನರದ ಮೇಲೋ, ಗಿಣ್ಣಿನಲ್ಲೋ, ಕಾಯಿಯ ಮೇಲೋ, ಹೂವಿನ ಬುಡದಲ್ಲೋ? ಈ ಒಂದು ಪ್ರಶ್ನೆಯಿಂದಲೇ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಮರಡಿಯ ಇಳಿಜಾರಿನಲ್ಲಿ

ಹಳ್ಳವನ್ನು ದಾಟಿದೊಡನೆ ಕರಿಯ ಮಣ್ಣು ಮುಗಿದು ಗರಸು ನೆಲ ಮೊದಲಾಗುತ್ತದೆ. ನಮ್ಮ ಮರಡಿ ಎತ್ತರದ ಗುಡ್ಡವೇನಲ್ಲ. ಕಲ್ಲು ತುಂಬಿದ, ಒಣಹುಲ್ಲಿನ ಒಂದು ದಿಣ್ಣೆ ಅಷ್ಟೇ. ಬಿತ್ತಲು ಬಾರದುದರಿಂದ ಜನ ಇದನ್ನು ಹಾಳುಭೂಮಿ ಎನ್ನುತ್ತಾರೆ. ಇಂತಹುದೇ ಹುಲ್ಲುಮಾಳದ ದೊಡ್ಡ ಹರಹು ಸೋಲಾಪುರದ ಉತ್ತರಕ್ಕೆ ನಾನ್ನಜದಲ್ಲಿದೆ. ಅಲ್ಲಿಯ ಎರೆಭೂತ ಪಕ್ಷಿಯ ರಕ್ಷಣೆಗಾಗಿ 1979ರಲ್ಲಿ ಅಭಯಾರಣ್ಯ ಘೋಷಿಸಲ್ಪಟ್ಟಿತು. ಇಂದು ಆ ಹಕ್ಕಿಯ ದರ್ಶನ ಅತಿ ದುರ್ಲಭವಾಗಿದೆ. ಹಾಳುಭೂಮಿಯೆಂದು ಕರೆದ ನೆಲದಲ್ಲಿ ಏನೇನಿತ್ತೆಂಬುದು ಅದು ಹೋದ ಮೇಲೆಯೇ ನಮಗೆ ತಿಳಿಯುತ್ತದೆ.

ಇಳಿಜಾರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಮುಳ್ಳಿನ ಚೆಂಡುಗಳ ಗಿಡ. ಬುಡದಿಂದಲೇ ಕವಲೊಡೆದು, ಮೊಣಕಾಲೆತ್ತರಕ್ಕೆ ಹರಡಿ, ಬೂದಿ ಸವರಿದಂತೆ ಬೆಳ್ಳಗೆ ನಿಂತಿರುತ್ತದೆ. ಎಲೆಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಹತ್ತಿಯಂತಹ ಬಿಳಿಯ ನವಿರು. ಪ್ರತಿಯೊಂದು ಕವಲಿನ ತುದಿಗೂ ನಿಂಬೆಕಾಯಿಯಷ್ಟು ದುಂಡನೆಯ ಒಂದು ಚೆಂಡು. ಅದರ ಸುತ್ತಲೂ ನೆಟ್ಟಗೆ ಚಾಚಿದ ಮುಳ್ಳುಗಳು, ಮುಳ್ಳುಗಳ ನಡುವೆ ಬಿಳಿಯ, ಕೆಲವೊಮ್ಮೆ ಎಳೆನೀಲಿಯ ಕಿರುಹೂಗಳು. ಚೆಂಡು ಅರಳುವುದು ನೆತ್ತಿಯಿಂದ ಕೆಳಕ್ಕೆ.

ಇದು ಎಕಿನಾಪ್ಸ್ ಎಕಿನೇಟಸ್. ಗ್ರೀಕ್ ಭಾಷೆಯಲ್ಲಿ ‘ಮುಳ್ಳುಹಂದಿಯ ತೆರನಾದುದು’ ಎಂಬರ್ಥ. ಈ ಹೆಸರನ್ನಿತ್ತವರು ಕಲಕತ್ತೆಯ ಸಸ್ಯೋದ್ಯಾನಕ್ಕೆ 1793ರಲ್ಲಿ ಮೇಲ್ವಿಚಾರಕರಾಗಿ ಬಂದ ರಾಕ್ಸ್‌ಬರ್ಗ್ ಎಂಬ ವೈದ್ಯರು. ಥಿಸಲ್ ಹೂವಿನ ನಾಡಾದ ಸ್ಕಾಟ್ಲೆಂಡಿನಲ್ಲಿಯೇ ಹುಟ್ಟಿದವರು. ಸಂಸ್ಕೃತದಲ್ಲಿ ಉತ್ಕಂಟಕ, ಮರಾಠಿಯಲ್ಲಿ ಉಟಕಟಾರಾ ಎಂದು ಇದರ ಹೆಸರು. ಒಂಟೆಗೆ ಪ್ರಿಯವಾದ ಮುಳ್ಳೆಂಬ ಭಾವನೆ ಹಿಂದಿಯ ಊಂಟಕಟಾರಾ ಎಂಬ ಹೆಸರಿನಲ್ಲಿದೆ. ಇದು ಭರತಖಂಡದ್ದೇ ಗಿಡ, ನಿಜವಾದ ಥಿಸಲ್ ಬಳಗದ್ದು. ಆದರೆ ಗಮನಿಸಿರಿ, ಕನ್ನಡದ ಸಸ್ಯಪುಸ್ತಕಗಳಲ್ಲಿ ಇದಕ್ಕೆ ಕೊಟ್ಟಿರುವ ಹೆಸರು ‘ಬ್ರಹ್ಮದಂಡೆ’!

ಅಂದು ನಾನು ಇಲ್ಲಿಗೆ ಬಂದಾಗ, “ಇದೇನೋ ಬ್ರಹ್ಮದಂಡಿ?” ಎಂದು ಆಯಿಯನ್ನು ಕೇಳಿದ್ದೆ. ಅವರು ನಕ್ಕು, “ಇನ್ನೂ ಮ್ಯಾಲ ಏರ್ರಿ” ಎಂದಿದ್ದರು.

ಮರಡಿಯ ನೆತ್ತಿಯಲ್ಲಿ

ಕಲ್ಲುಗಳ ನಡುವೆ, ಒಣಗುತ್ತಿರುವ ಹುಲ್ಲಿನೊಳಗಿಂದ ತಲೆಯೆತ್ತಿ ನಿಂತ ತೆಳ್ಳನೆಯ ಗಿಡವೊಂದನ್ನು ಅವರು ಮುಟ್ಟಿ ತೋರಿಸಿದ್ದರು. ಅದೇ ಕಲ್ಲಿನ ಬಳಿಯಲ್ಲಿ ಈ ಸಲವೂ ಐದಾರು ಗಿಡಗಳಿದ್ದವು. ಸೊಂಟದೆತ್ತರ, ಗೆರೆಗಳುಳ್ಳ ನೆಟ್ಟನೆಯ ಕಾಂಡ, ಬೂದಿಯಿಲ್ಲ, ನವಿರಿಲ್ಲ, ಎಲ್ಲವೂ ನುಣುಪು. ತೊಟ್ಟಿಲ್ಲದೆ ಕಾಂಡಕ್ಕೆ ಅಂಟಿಕೊಂಡ ಉದ್ದನೆಯ ಎಲೆ, ಅದರ ಅಂಚಿಗೆ ಸಣ್ಣ ಗರಗಸದಂತಹ ಮುಳ್ಳುಹಲ್ಲು. ಕವಲಿನ ತುದಿಗೆ ಒಂದೊಂದೇ ಹೂಗುಂಡಿ, ಅದರ ಬಾಯಲ್ಲಿ ನೇರಳೆ ಬಣ್ಣದ ಕುಂಚ. ಗುಂಡಿಯನ್ನು ಅಪ್ಪಿಕೊಂಡ ಶಲ್ಕಗಳು ಕೂದಲಿನಷ್ಟು ಸಪೂರ, ಹೊರಕ್ಕೆ ಬಾಗಿದವು.

ಅಂದು ಆಯಿ ನನ್ನ ಬೆರಳನ್ನು ಹಿಡಿದು ಆ ಗುಂಡಿಗೆ ಒತ್ತಿ, “ಚುಚ್ಚತಾದೇನ್ರಿ? ಇವು ಮುಳ್ಳಲ್ಲ ಮಾಸ್ತರ್ರ, ಮೀಸಿ. ಮೀಸಿ ಇದ್ದದ್ದ ನಮ್ಮ ಬ್ರಹ್ಮದಂಡಿ” ಎಂದಿದ್ದರು. ಆಮೇಲೆ ಬಹಳ ವರ್ಷಗಳಾದ ಮೇಲೆ ಇದರ ಶಾಸ್ತ್ರೀಯ ನಾಮ ಟ್ರೈಕೊಲೆಪಿಸ್ ಗ್ಲಾಬೆರ್ರಿಮಾ ಎಂದು ತಿಳಿದುಕೊಂಡೆ. ಅದರ ಅರ್ಥವನ್ನು ನೋಡಿದಾಗ ರೋಮಾಂಚನವಾಯಿತು. ಮೊದಲ ಪದಕ್ಕೆ ‘ಕೂದಲಿನಂತಹ ಶಲ್ಕವುಳ್ಳದ್ದು’ ಎಂದು, ಎರಡನೆಯದಕ್ಕೆ ‘ಬಹಳ ನುಣುಪಾದದ್ದು’ ಎಂದು ಅರ್ಥ. ಯುರೋಪಿನ ಪಂಡಿತರು ಕಂಡ ಲಕ್ಷಣವನ್ನೇ ಅಕ್ಷರ ಬಾರದ ನಮ್ಮ ಆಯಿ ಬೆರಳಿನಿಂದ ಕಂಡಿದ್ದರು. ಈ ಗಿಡ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಸಹಜವಾಗಿ ಬೆಳೆಯುವುದಿಲ್ಲ. ಮರಾಠಿ ವೈದ್ಯಗ್ರಂಥಗಳ ಬ್ರಹ್ಮದಂಡಿ ಇದೇ. ನಮ್ಮ ಸೀಮೆಯ ಕನ್ನಡಿಗರು ಹೇಳುವ ಬ್ರಹ್ಮದಂಡಿಯೂ ಇದೇ.

ಇಲ್ಲಿಗೆ ನನ್ನ ಪುಸ್ತಕದ ತಪ್ಪಿನ ಮೂಲ ಬಯಲಾಗುತ್ತದೆ. ತಮಿಳಿನಲ್ಲಿ ‘ಬ್ರಹ್ಮದಂಡು’ ಎಂದರೆ ಆ ಹಳದಿ ದತ್ತೂರಿ. ತೆಲುಗಿನಲ್ಲಿಯೂ ಅದನ್ನು ಬ್ರಹ್ಮದಂಡಿ ಎನ್ನುವುದುಂಟು. ಕನ್ನಡದ ಪುಸ್ತಕಗಳಲ್ಲಿ ಮುಳ್ಳುಚೆಂಡಿನ ಗಿಡ ಬ್ರಹ್ಮದಂಡೆ. ಮರಾಠಿಯಲ್ಲಿ ಮೀಸೆಯ ಗಿಡ ಬ್ರಹ್ಮದಂಡಿ. ಮೂರಕ್ಕೂ ಮುಳ್ಳಿದೆ, ಮೂರೂ ನೆಟ್ಟಗೆ ನಿಲ್ಲುತ್ತವೆ, ಮೂರಕ್ಕೂ ಬ್ರಹ್ಮನ ದಂಡದ ಹೆಸರು ಸಲ್ಲುತ್ತದೆ. ಯಾರ ಭಾಷೆಯೂ ಸುಳ್ಳಲ್ಲ. ಆದರೆ ಒಂದು ನಾಡಿನ ಹೆಸರನ್ನು ಇನ್ನೊಂದು ನಾಡಿನ ಗಿಡಕ್ಕೆ ಕಟ್ಟಿದರೆ ಔಷಧ ವಿಷವಾಗುತ್ತದೆ.

ಈ ಮಾತನ್ನು ವಿಶೇಷವಾಗಿ ನಮ್ಮಂತಹ ಗಡಿನಾಡಿನ ಕುಟುಂಬಗಳು ನೆನಪಿನಲ್ಲಿಡಬೇಕು. ನಮ್ಮ ಹೆಣ್ಣುಮಕ್ಕಳನ್ನು ಹೊಸೂರಿಗೆ ಕೊಟ್ಟಿರುತ್ತೇವೆ, ಆದವಾನಿಯಿಂದ ಸೊಸೆಯನ್ನು ತಂದಿರುತ್ತೇವೆ, ಜತ್ತದಲ್ಲಿ ಬೀಗರಿರುತ್ತಾರೆ. ಒಬ್ಬರ ಮನೆಯ ಮದ್ದನ್ನು ಇನ್ನೊಬ್ಬರಿಗೆ ದೂರವಾಣಿಯಲ್ಲಿ ಹೇಳುವುದು ನಮ್ಮಲ್ಲಿ ಪ್ರೀತಿಯ ಒಂದು ರೀತಿ. ಹೇಳಿದವರ ಮನಸ್ಸಿನಲ್ಲಿ ಒಂದು ಗಿಡವಿದ್ದು ಕೇಳಿದವರ ಹಿತ್ತಲಲ್ಲಿ ಇನ್ನೊಂದಿರಬಹುದು. ಆದುದರಿಂದ ನನ್ನದೊಂದು ಬಿನ್ನಹ: ಹೆಸರನ್ನಷ್ಟೇ ಕಳಿಸಬೇಡಿರಿ. ಎಲೆ, ಹೂವು, ಕಾಯಿ ಮೂರೂ ಇರುವ ಒಂದು ಟೊಂಗೆಯನ್ನಾಗಲಿ, ಅದರ ಚಿತ್ರವನ್ನಾಗಲಿ ಕಳಿಸಿರಿ. ಆಮೇಲೂ ತಿಳಿದ ವೈದ್ಯರನ್ನು ಕೇಳದೆ ಯಾವುದನ್ನೂ ಕುದಿಸಿ ಕುಡಿಯಬೇಡಿರಿ.

ಮರಡಿಯ ನೆತ್ತಿಯಲ್ಲಿ ಕುಳಿತು ಮಕ್ಕಳು ತಾವು ಕಲಿತ ಐದು ಪ್ರಶ್ನೆಗಳನ್ನು ತಮ್ಮ ಮಾತಿನಲ್ಲಿಯೇ ಬರೆದುಕೊಂಡರು. ಮುರಿದರೆ ಹಾಲು ಬರುತ್ತದೆಯೇ, ಬಂದರೆ ಯಾವ ಬಣ್ಣ? ಹೂವು ಒಂದೇ ಹೂವೋ, ಕಿರುಹೂಗಳ ಕುಂಚವೋ? ಮುಳ್ಳು ಎಲ್ಲಿದೆ? ಎಲೆಯ ಹಿಂಬದಿ ಹೇಗಿದೆ? ಕಾಯಿಯಲ್ಲಿ ಎಂತಹ ಬೀಜವಿದೆ? ಇಷ್ಟಕ್ಕೆ ಉತ್ತರ ದೊರೆತ ಮೇಲೆಯೇ ಹೆಸರು. ಅಕ್ಕಲಕೋಟೆಯ ಮರಡಿಯಲ್ಲಿ ಮಾತ್ರವಲ್ಲ, ಎಲ್ಲಿ ಹೋದರೂ ಈ ಪ್ರಶ್ನೆಗಳು ನಡೆಯುತ್ತವೆ.

ಹೊತ್ತು ಇಳಿಯುತ್ತಿತ್ತು. ಕೆಳಗೆ ಹೊಲಗಳಲ್ಲಿ ಚರಗದ ಬುಟ್ಟಿಗಳನ್ನು ಹೊತ್ತ ಹೆಂಗಳೆಯರು ಸಾಲಾಗಿ ಊರ ಕಡೆಗೆ ನಡೆದಿದ್ದರು. ನನ್ನ ಹಳೆಯ ವಿದ್ಯಾರ್ಥಿಯು ಮೀಸೆಯ ಗಿಡದ ಬಳಿ ಬಗ್ಗಿ, ತನ್ನ ಮಗಳ ಬೆರಳನ್ನು ಹಿಡಿದು ಹೂಗುಂಡಿಗೆ ಒತ್ತಿ, “ಚುಚ್ಚತಾದೇನವ್ವಾ?” ಎಂದು ಕೇಳುತ್ತಿದ್ದನು. ಆಯಿ ತೀರಿಕೊಂಡು ಹದಿನೈದು ವರ್ಷಗಳಾಗಿವೆ. ಆ ಪ್ರಶ್ನೆ ಅವರದೇ.

ನಮ್ಮ ಶಾಲೆಯ ಗೋಡೆಗೆ ಈಗ ಮೂರು ಹಾಳೆಗಳು ಅಕ್ಕಪಕ್ಕದಲ್ಲಿವೆ. ಪ್ರತಿಯೊಂದರ ಕೆಳಗೂ ಕನ್ನಡ, ಮರಾಠಿ ಮತ್ತು ಶಾಸ್ತ್ರೀಯ ಹೆಸರುಗಳಿವೆ. ನಾನು ಮೊದಲು ಬರೆದ ತಪ್ಪು ಚೀಟಿಯನ್ನು ಹರಿದು ಹಾಕಿಲ್ಲ. ಅದರ ಮೇಲೊಂದು ಗೆರೆ ಎಳೆದು, ಹಳದಿ ದತ್ತೂರಿಯ ಹಾಳೆಯ ಮೂಲೆಗೆ ಅಂಟಿಸಿದ್ದೇನೆ. ಹೊಸದಾಗಿ ಬಂದ ಮಕ್ಕಳು ಅದೇನೆಂದು ಕೇಳುತ್ತಾರೆ. ಆಗ ಅವರಿಗೆ ಈ ಕಥೆಯನ್ನು ಹೇಳುತ್ತೇನೆ.